ಸೌಂಡ್ ಕಾರ್ಡಿನ ಸಂಗೀತವೂ ಸೌಂಡ್‌ಫಾಂಟಿನ ಸಾಧನೆಯೂ

ಗಣಕಯಂತ್ರದ ಹಳೆಯ ಆಟಗಳ ಸಂಗೀತವನ್ನು ಇಂದು ಮತ್ತೆ ನುಡಿಸಹೊರಡುವವರು ಮೊದಲು ತಿಳಿಯತಕ್ಕ ತತ್ತ್ವವೊಂದುಂಟು. 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯ ಕಡತದಲ್ಲಿ ನಾದವಿರುವುದಿಲ್ಲ. ಯಾವ ವಾದ್ಯ, ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು ಎಂಬ ಆಜ್ಞೆಗಳಷ್ಟೇ ಇರುತ್ತವೆ. ಒಂದೇ ಕೀರ್ತನೆ ಒಬ್ಬೊಬ್ಬ ವೈಣಿಕನ ಕೈಯಲ್ಲಿ ಒಂದೊಂದು ಛಾಯೆಯನ್ನು ತಳೆಯುವಂತೆ, ಒಂದೇ ಕಡತ, ಆ ಆಜ್ಞೆಗಳನ್ನು ನಾದವಾಗಿಸುವ ಒಂದೊಂದು ಸೌಂಡ್ ಕಾರ್ಡಿನಲ್ಲಿ ಒಂದೊಂದು ಬಗೆಯಾಗಿ ಕೇಳಿಸುತ್ತಿತ್ತು. ಆದಕಾರಣ ಈ ಸಂಗೀತದ ಪುನರುದ್ಧಾರವೆಂದರೆ ಆ ಕಾರ್ಡುಗಳ ಕಂಠದ ಪುನರುದ್ಧಾರವೇ ಸರಿ.

ಆರಂಭದ ಕಾರ್ಡುಗಳು ನಾದವನ್ನು ಗಣಿತದಿಂದಲೇ ಹುಟ್ಟಿಸುತ್ತಿದ್ದುವು. 1987ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಬಂದ ಆಡ್‌ಲಿಬ್, 1989ರಲ್ಲಿ ಸಿಂಗಪುರದಿಂದ ಬಂದ ಸೌಂಡ್ ಬ್ಲಾಸ್ಟರ್, ಇವೆರಡೂ ಯಮಾಹಾ ಕಂಪನಿಯ ವೈಎಂ3812 ಚಿಪ್ಪನ್ನು ಆಶ್ರಯಿಸಿದ್ದುವು. ಒಂದು ತರಂಗದಿಂದ ಮತ್ತೊಂದು ತರಂಗದ ಕಂಪನವನ್ನು ಅಲುಗಿಸಿ ಬಗೆಬಗೆಯ ಧ್ವನಿಗಳನ್ನು ಪಡೆಯುವ ಈ ಎಫ್‌ಎಂ ವಿಧಾನವನ್ನು ಕಂಡುಹಿಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್. ಚಿಪ್ಪಿಗಿದ್ದುದು ಒಂಬತ್ತೇ ಧ್ವನಿಮಾರ್ಗಗಳು. ಅಷ್ಟರಲ್ಲಿಯೇ ರಚನಕಾರರು ವಾದ್ಯವೃಂದದ ಭ್ರಮೆಯನ್ನು ಹುಟ್ಟಿಸಿದುದು ಅವರ ಪ್ರತಿಭೆಗೆ ಸಾಕ್ಷಿ.

1991ರ ಜನರಲ್ ಮಿಡಿ ನಿಯಮ 128 ವಾದ್ಯಗಳಿಗೆ ಕ್ರಮಸಂಖ್ಯೆಗಳನ್ನು ಗೊತ್ತುಪಡಿಸಿತು. ಅದೇ ವರ್ಷ ಬಂದ ರೋಲಂಡ್ ಎಸ್‌ಸಿ-55, ನಿಜವಾದ ವಾದ್ಯಗಳ ಧ್ವನಿಮುದ್ರಿಕೆಗಳನ್ನೇ ಬಳಸಿ, ಆಟಗಳ ಸಂಗೀತಕ್ಕೆ ಬಹುಕಾಲ ಮಾದರಿಯಾಗಿ ನಿಂತಿತು. 1994ರ ಎಡಬ್ಲ್ಯುಇ32 ಕಾರ್ಡು ಒಂದು ಮೆಗಾಬೈಟಿನ ಸ್ಥಿರ ವಾದ್ಯಭಂಡಾರದೊಡನೆ, ಬಳಕೆದಾರನೇ ಹೊಸ ವಾದ್ಯಗಳನ್ನು ತುಂಬಿಕೊಳ್ಳಲು 512 ಕಿಲೋಬೈಟಿನ ಸ್ಮೃತಿಯನ್ನೂ ಒದಗಿಸಿತು. ಹಾಗೆ ತುಂಬುವ ವಾದ್ಯಸಂಪುಟಕ್ಕೆ ಇ-ಮು ಮತ್ತು ಕ್ರಿಯೇಟಿವ್ ಸಂಸ್ಥೆಗಳು ಕೊಟ್ಟ ರೂಪವೇ ಸೌಂಡ್‌ಫಾಂಟ್.

ಇದರ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಪಿಯಾನೋದ ಎಲ್ಲ ಮನೆಗಳನ್ನೂ ಮುದ್ರಿಸದೆ ಕೆಲವನ್ನು ಮಾತ್ರ ಮುದ್ರಿಸಿ, ಹಾಗೆ ಮುದ್ರಿಸಿದ ಪ್ರತಿಯೊಂದು ಮಾದರಿಗೂ (ಸ್ಯಾಂಪಲ್) ಅಕ್ಕಪಕ್ಕದ ಸ್ವರಗಳ ವಲಯವನ್ನು ವಹಿಸಿ, ಸ್ವರವನ್ನು ದೀರ್ಘವಾಗಿ ಹಿಡಿದಾಗ ಮಾದರಿಯ ಕಿರುತುಂಡೊಂದು ಆವರ್ತಿಸುವಂತೆ ಏರ್ಪಡಿಸಿ, ಧ್ವನಿ ಏರುವ ಇಳಿಯುವ ವೇಗವನ್ನೂ ಬಡಿತದ ಬಲಕ್ಕೆ ತಕ್ಕ ಮೊಳಗನ್ನೂ ಅಂಕಿಗಳಲ್ಲಿ ನಿರ್ದೇಶಿಸುವುದೇ ಸೌಂಡ್‌ಫಾಂಟ್‌ಕಾರನ ಕೌಶಲ.

ಮುಂದೆ ಪ್ರೊಸೆಸರುಗಳ ಶಕ್ತಿ ಬೆಳೆದಂತೆ ಕಾರ್ಡಿನ ಹಂಗೇ ತಪ್ಪಿತು. ಟಿಮಿಡಿಟಿ, ಫ್ಲೂಯಿಡ್‌ಸಿಂತ್ ಮುಂತಾದ ತಂತ್ರಾಂಶಗಳು ವಾದ್ಯಸಂಪುಟಗಳನ್ನು ನುಡಿಸುವ ಕೆಲಸವನ್ನು ಕೈಗೊಂಡುವು. ನೂರು ಮೆಗಾಬೈಟಿಗೂ ಮಿಕ್ಕಿದ ಫ್ಲೂಯಿಡ್‌ಆರ್3ಯಂಥ ಸಂಪುಟಗಳು ಉಚಿತವಾಗಿ ದೊರೆತುವು. ಆದರೆ ಗಾತ್ರ ಹಿಗ್ಗಿದಂತೆ ಸತ್ಯವೂ ಹಿಗ್ಗುವುದೆಂದು ಭಾವಿಸಲಾಗದು. 1993ರ ಡೂಮ್ ಆಟಕ್ಕೆ ಬಾಬಿ ಪ್ರಿನ್ಸ್ ರಚಿಸಿದ ಸಂಗೀತವನ್ನು ಹೊಂದಿಕೆಯಿಲ್ಲದ ಸಂಪುಟದಲ್ಲಿ ನುಡಿಸಿದರೆ, ಮಾದರಿಗಳು ಎಷ್ಟೇ ಸ್ವಚ್ಛವಾಗಿರಲಿ, ಗಿಟಾರು ಮೇಲೆದ್ದು ಮದ್ದಳೆಗಳ ಪೆಟ್ಟನ್ನು ನುಂಗಿಬಿಡಬಹುದು. ಆದುದರಿಂದಲೇ ಎಸ್‌ಸಿ-55ರ ವಾದ್ಯಗಳ ಪರಸ್ಪರ ಪ್ರಮಾಣವನ್ನೇ ಅನುಸರಿಸಿ ಕಟ್ಟಿದ ಸಂಪುಟಗಳಿಗೆ ಇಂದು ವಿಶೇಷ ಗೌರವವಿದೆ.

ಈ ವಿಧಾನಕ್ಕೂ ಎಲ್ಲೆಯುಂಟು. 1987ರ ರೋಲಂಡ್ ಎಂಟಿ-32 ಯಂತ್ರಕ್ಕೆ ಆಟಗಳು ತಮ್ಮದೇ ಧ್ವನಿಗಳನ್ನು ಕಳುಹಿಸಿ ವಾದ್ಯಗಳನ್ನೇ ಮಾರ್ಪಡಿಸುತ್ತಿದ್ದುವು. ಎಫ್‌ಎಂ ಚಿಪ್ಪಿನ ವರ್ಣವೂ ನುಡಿಯುತ್ತಿರುವಾಗಲೇ ಬದಲಾಗಬಲ್ಲುದು. ಒಮ್ಮೆ ಮುದ್ರಿಸಿ ನಿಲ್ಲಿಸಿದ ಮಾದರಿ ಇಂಥ ಚಲನೆಯನ್ನು ಹಿಂಬಾಲಿಸಲಾರದು. ಅಲ್ಲಿ ಯಂತ್ರದ ವ್ಯಾಪಾರವನ್ನೇ ಅನುಕರಿಸುವ ಮಂಟ್, ನ್ಯೂಕ್ಡ್ ಒಪಿಎಲ್3 ಮೊದಲಾದ ತಂತ್ರಾಂಶಗಳೇ ಶರಣು. ಮಾದರಿಯಿಂದ ನುಡಿದ ಕಾರ್ಡಿಗೆ ಸೌಂಡ್‌ಫಾಂಟು, ಗಣಿತದಿಂದ ನುಡಿದ ಚಿಪ್ಪಿಗೆ ಅನುಕರಣೆ ಎಂಬ ಈ ವಿಭಾಗ ಇಷ್ಟು ವರ್ಷಗಳ ಪ್ರಯೋಗದಿಂದ ಲಭಿಸಿದ ಸಾರ. ಈ ಸಂಗೀತವನ್ನು ಸಂಗ್ರಹಿಸುವವರು ಪ್ರತಿಯೊಂದು ಕಡತದ ಜೊತೆಯಲ್ಲಿಯೂ ಅದು ಯಾವ ಕಾರ್ಡಿಗಾಗಿ ರಚಿತವಾಯಿತೆಂಬುದನ್ನು ತಪ್ಪದೆ ದಾಖಲಿಸಬೇಕು. ಆ ಒಂದು ಸಾಲಿಲ್ಲದಿದ್ದರೆ ಎಂಥ ಉತ್ತಮ ಸಂಪುಟವೂ ರಚನಕಾರನ ಕಿವಿ ಒಪ್ಪಿದ ನಾದವನ್ನು ತಂದುಕೊಡಲಾರದು.