ಒಂದು ಚಮಚ ಎಣ್ಣೆ, ಇಪ್ಪತ್ತು ಗುಂಟೆ ನೀರು

ಎಣ್ಣೆಗೂ ಸೀಗೇಕಾಯಿಗೂ ಆಗಿಬರೋಲ್ಲ ಅನ್ನೋದು ನಮ್ಮಲ್ಲಿ ಹಳೇ ಮಾತು. ಇಂಥದೇ ಒಂದು ಜಗಳವನ್ನು ಅಡುಗೆಮನೆಯಲ್ಲಿ ಕೂತು ನೋಡುತ್ತಾ ವಿಜ್ಞಾನಕ್ಕೆ ಹೊಸ ದಾರಿ ಮಾಡಿಕೊಟ್ಟ ಹುಡುಗಿಯೊಬ್ಬಳ ಕಥೆ ಇದು. ಕಥೆಗೆ ಮುಂಚೆ ಒಂದು ಪ್ರಯೋಗ. ಮನೆಯಲ್ಲಿ ಮಕ್ಕಳಿದ್ದರೆ ಕರೆಯಿರಿ, ಇಲ್ಲದಿದ್ದರೂ ಪರವಾಗಿಲ್ಲ.

ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ಬೆರಳ ತುದಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿಕೊಂಡು ಮಧ್ಯದಲ್ಲಿ ಮುಟ್ಟಿ. ಪುಡಿಯೆಲ್ಲ ಅಂಚಿಗೆ ಓಡಿಹೋಗುತ್ತೆ! ನೀರಿನ ಮೇಲ್ಮೈ ಬಿಗಿಯಾಗಿ ಎಳೆದು ಕಟ್ಟಿದ ಪರದೆಯ ಹಾಗೆ. ಸರ್ಫೇಸ್ ಟೆನ್ಷನ್ ಅಂತ ಓದಿದ್ದೆವಲ್ಲ, ಅದೇ. ಸೋಪು ಬಿದ್ದ ಕಡೆ ಬಿಗಿ ಸಡಿಲವಾಗುತ್ತೆ, ಸುತ್ತಲಿನ ನೀರು ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತೆ.

ಈಗ ಅದೇ ನೀರಿಗೆ ಇನ್ನೊಂದಿಷ್ಟು ಪುಡಿ ಉದುರಿಸಿ ಮತ್ತೆ ಮುಟ್ಟಿ. ಮೊದಲಿನ ಆಟ ಇಲ್ಲ. "ನೀರು ಕೆಟ್ಟಿತು, ಚೆಲ್ಲಿ ಬೇರೆ ತಗೊಂಡ್ಬಾ" ಅಂತೀವಿ. ನಿಜವಾದ ಕಥೆ ಇರೋದು ಆ ಕೆಟ್ಟ ನೀರಿನಲ್ಲೇ.

1757ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದಾಗ, ಜೊತೆಯ ಎರಡು ಹಡಗುಗಳ ಹಿಂದೆ ಮಾತ್ರ ಸಮುದ್ರ ನುಣುಪಾಗಿರುವುದನ್ನು ಕಂಡ. ಅಡುಗೆಯವರು ಜಿಡ್ಡುನೀರು ಚೆಲ್ಲಿರಬೇಕು ಅಂದನಂತೆ ಕ್ಯಾಪ್ಟನ್. ಅದು ತಲೆಯಲ್ಲೇ ಉಳಿದು, ಮುಂದೆ ಲಂಡನ್ನಿನ ಕ್ಲಾಪಮ್ ಕಾಮನ್ ಎಂಬಲ್ಲಿನ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದು ನೋಡಿದ. ಸುಮಾರು ಅರ್ಧ ಎಕರೆ, ಅಂದರೆ ನಮ್ಮ ಲೆಕ್ಕದ 20 ಗುಂಟೆ ನೀರು, ಅಲೆಯಡಗಿ ಕನ್ನಡಿಯಂತಾಯಿತು. 1774ರಲ್ಲಿ ಇದನ್ನು ಪ್ರಕಟಿಸಿದ.

ಆದರೆ ಒಂದು ಭಾಗಾಕಾರ ಮಾಡಲಿಲ್ಲ. ಈಗ ನಾವೇ ಮಾಡೋಣ. ಚಮಚಕ್ಕೆ 5 ಮಿ.ಲೀ., ಅರ್ಧ ಎಕರೆಗೆ 2000 ಚದರ ಮೀಟರ್ ಅಂತಿಟ್ಟುಕೊಂಡರೆ ಎಣ್ಣೆಪದರದ ದಪ್ಪ 2.5 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 4 ಲಕ್ಷ ಹೋಳು ಮಾಡಿದರೆ ಅದರಲ್ಲಿ ಒಂದು ಹೋಳು. ಹೆಚ್ಚುಕಮ್ಮಿ ಒಂದು ಅಣುವಿನ ಅಳತೆ! 1890ರಲ್ಲಿ ಲಾರ್ಡ್ ರ್‍ಯಾಲೇ ಆಲಿವ್ ಎಣ್ಣೆಯಿಂದ ಇಂಥದೇ ಪ್ರಯೋಗ ಮಾಡಿ ಪದರದ ದಪ್ಪ 1.6 ನ್ಯಾನೋಮೀಟರ್ ಅಂತ ಲೆಕ್ಕಹಾಕಿದ. ಫ್ರಾಂಕ್ಲಿನ್ ಬರೆದು ಅಷ್ಟರಲ್ಲಿ 116 ವರ್ಷ ಕಳೆದಿತ್ತು.

ಇದಕ್ಕೂ ಹತ್ತು ವರ್ಷ ಮೊದಲೇ ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ 18ರ ಹುಡುಗಿ ಮನೆಯಲ್ಲೇ ನೀರಿನ ಮೇಲ್ಮೈ ಅಳೆಯಲು ಶುರುಮಾಡಿದ್ದಳು. ಪಾತ್ರೆ ತೊಳೆಯುವ ನೀರು ನೋಡಿ ಕುತೂಹಲ ಹುಟ್ಟಿತು ಅಂತ ಹೇಳುತ್ತಾರೆ. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಮ್ಮ ಫ್ರೀಡ್ರಿಕ್ ಗಟಿಂಗೆನ್‌ಗೆ ಹೋಗಿ ಭೌತಶಾಸ್ತ್ರ ಓದಿದ. ಅಕ್ಕ ಮನೆಯಲ್ಲಿದ್ದು ಕಾಯಿಲೆಯ ಅಪ್ಪ-ಅಮ್ಮನ ಸೇವೆ ಮಾಡುತ್ತಾ, ತಮ್ಮನ ಪುಸ್ತಕಗಳನ್ನು ಓದಿಕೊಂಡಳು.

ಅವಳ ಸಾಮಾನು ಕೇಳಿ: 70 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ತಗಡಿನ ತೊಟ್ಟಿ, ಅದಕ್ಕೆ ಅಡ್ಡಲಾಗಿ ಇಡಲು ಒಂದು ತಗಡಿನ ಪಟ್ಟಿ, ತಕ್ಕಡಿಗೆ ತೂಗುಹಾಕಿದ ಒಂದು ಗುಂಡಿ. ನೀರಿನಿಂದ ಗುಂಡಿಯನ್ನು ಎತ್ತಲು ಎಷ್ಟು ತೂಕ ಬೇಕೋ ಅದರಿಂದ ಮೇಲ್ಮೈಯ ಬಿಗಿ ಗೊತ್ತಾಗುತ್ತಿತ್ತು. ಪಟ್ಟಿ ಸರಿಸಿದರೆ ಜಿಡ್ಡು ಒಂದು ಕಡೆ ಒತ್ತಾಗುತ್ತಿತ್ತು, ಇನ್ನೊಂದು ಕಡೆ ಶುದ್ಧ ನೀರು. ಅವಳು ಕಂಡದ್ದು ಇದು: ಜಾಗ ಕಿರಿದು ಮಾಡುತ್ತಾ ಹೋದರೂ ಒಂದು ಮಟ್ಟದವರೆಗೆ ಬಿಗಿ ಬದಲಾಗೋಲ್ಲ, ಅದನ್ನು ದಾಟಿದ ಕೂಡಲೇ ಸರ್ರನೆ ಇಳಿಯುತ್ತೆ. ಅಲ್ಲಿ ಅಣುಗಳು ಸಂತೆಯ ಜನರಂತೆ ಮೈಗೆ ಮೈ ತಾಗಿಸಿ ಒಂದೇ ಪದರದಲ್ಲಿ ನಿಂತಿರುತ್ತವೆ ಅಂತ ಮುಂದೆ ತಿಳಿಯಿತು. ಮೆಣಸಿನ ಪುಡಿ ಎರಡನೇ ಸಲ ಓಡದ ಗುಟ್ಟೂ ಇದೇ. ಸೋಪು ಆಗಲೇ ಎಲ್ಲ ಕಡೆ ಜಾಗ ಹಿಡಿದಿದೆ.

ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ರೀಡಿಂಗ್ ಹೊಂದದಿದ್ದರೆ "ಮತ್ತೆ ಮಾಡು" ಅನ್ನುತ್ತಿದ್ದರು, ಯಾಕೆ ಹೊಂದಲಿಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ. ಆಗ್ನೆಸ್ ಹತ್ತು ವರ್ಷ ಕೇಳಿದ್ದು ಅದೊಂದನ್ನೇ.

ಊರಿನ ಪಂಡಿತರು ಅವಳ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1891ರ ಜನವರಿಯಲ್ಲಿ ರ್‍ಯಾಲೇಗೆ ಜರ್ಮನ್ ಭಾಷೆಯಲ್ಲೇ ಪತ್ರ ಬರೆದಳು. ಅದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದ ಆ ದೊಡ್ಡ ಮನುಷ್ಯ ಪತ್ರವನ್ನು ಮುಚ್ಚಿಡಲಿಲ್ಲ. ಹೆಂಡತಿಯ ನೆರವಿನಿಂದ ಇಂಗ್ಲಿಷಿಗೆ ತಂದು 'ನೇಚರ್' ಪತ್ರಿಕೆಗೆ ಕಳಿಸಿದ. ಮಾರ್ಚ್ 12ರ ಸಂಚಿಕೆಯಲ್ಲಿ ಅದು ಅವಳದೇ ಹೆಸರಿನಲ್ಲಿ ಅಚ್ಚಾಯಿತು.

ಅವಳ ತೊಟ್ಟಿಯನ್ನು ಸುಧಾರಿಸಿದ ಅಮೆರಿಕದ ಇರ್ವಿಂಗ್ ಲ್ಯಾಂಗ್ಮುಯರ್‌ಗೆ ಮೇಲ್ಮೈ ರಸಾಯನದ ಕೆಲಸಕ್ಕಾಗಿ 1932ರಲ್ಲಿ ನೊಬೆಲ್ ಬಂತು. ಅದೇ ವರ್ಷ, 70ನೇ ವಯಸ್ಸಿನಲ್ಲಿ, ಆಗ್ನೆಸ್‌ಗೆ ಅವಳ ಊರಿನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1935ರಲ್ಲಿ ತೀರಿಕೊಂಡಳು. ಆ ತೊಟ್ಟಿಯ ಮಾದರಿ ಇವತ್ತಿಗೂ ಲ್ಯಾಬುಗಳಲ್ಲಿದೆ, ಹೆಚ್ಚಾಗಿ ಲ್ಯಾಂಗ್ಮುಯರ್ ಹೆಸರಿನಲ್ಲಿ.

ಮನೆಯ ಮಕ್ಕಳು ನೀರಾಟ ಆಡುವಾಗ ಬೈಯುವ ಮುಂಚೆ ಒಂದು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಪುಡಿ ಓಡಿದಾಗ ಚಪ್ಪಾಳೆ ತಟ್ಟಿ, ಓಡದಿದ್ದಾಗ "ಯಾಕಿರಬಹುದು ಪುಟ್ಟಾ?" ಅಂತ ಕೇಳಿ. ನೀರನ್ನು ಆಮೇಲೆ ಗಿಡಕ್ಕೆ ಹಾಕಿದರಾಯಿತು.