ಹಣ ಪಡೆಯುವವನ ಹೆಬ್ಬೆಟ್ಟು

ತರಕಾರಿ ಗಾಡಿಯ ಮೇಲೂ ಇಂದು ಕ್ಯೂ.ಆರ್. ಚೀಟಿ ತೂಗಾಡುತ್ತಿದೆ. ಫೋನು ಹಿಡಿದರೆ ಹಣ ಸಂದಿತು. ಕಾಗದದ ಮೇಲೆ ಹಣ ಊರೂರು ಸಂಚರಿಸಿದ ಕಾಲವನ್ನು ನಾವು ಮರೆತೇಬಿಟ್ಟಿದ್ದೇವೆ. ಮೋಸದ ಭಯ ಆಗಲೂ ಇದ್ದಿತು. ಅದಕ್ಕೆ ತಕ್ಕ ಉಪಾಯಗಳೂ ಇದ್ದುವು.

ಸಾಹುಕಾರರ ಹುಂಡಿಯನ್ನೇ ನೋಡಿ. ನೂರು ರೂಪಾಯಿಯ ಹುಂಡಿ ಬರೆಯುವವನು ನೂರು ಎಂದಷ್ಟೇ ಬರೆದು ಬಿಡುತ್ತಿರಲಿಲ್ಲ. ಅರ್ಧ ಐವತ್ತು, ಅದರ ಇಮ್ಮಡಿ ಎಂದೂ ಸೇರಿಸುತ್ತಿದ್ದನು. ಸೊನ್ನೆಯೊಂದನ್ನು ಏರಿಸಹೊರಟ ಕಳ್ಳ ಅರ್ಧದ ಲೆಕ್ಕವನ್ನೂ ತಿದ್ದಬೇಕಾಗುತ್ತಿತ್ತು. ‘ಶಾಹಜೋಗ್’ ಹುಂಡಿಯ ಹಣವಂತೂ ಪೇಟೆಯಲ್ಲಿ ಮರ್ಯಾದಸ್ಥನೆನಿಸಿದ ವರ್ತಕನ ಮೂಲಕವಲ್ಲದೆ ಸಲ್ಲುತ್ತಿರಲಿಲ್ಲ. ಭದ್ರತೆಯೇನೋ ಸರಿಯೆ. ಆದರೆ ಕೂಲಿಯವನಿಗೆ ಹುಂಡಿ ಬರೆದುಕೊಡುವವರು ಯಾರು?

ಅವನನ್ನು ತಲಪಿದ್ದು ಮನಿಯಾರ್ಡರು. 1880ರಲ್ಲಿ ಅಂಚೆ ಇಲಾಖೆ ಈ ಕೆಲಸವನ್ನು ಸರ್ಕಾರಿ ಖಜಾನೆಗಳಿಂದ ವಹಿಸಿಕೊಂಡಿತು. ಕಾಲಕ್ರಮದಲ್ಲಿ ಪೋಸ್ಟ್‌ಮ್ಯಾನನೇ ಹಣವನ್ನು ಬಾಗಿಲಿಗೆ ತಂದನು. ಚೀಟಿಯ ಅಡಿಯಲ್ಲಿದ್ದ ಎರಡು ಸಾಲಿನ ಒಕ್ಕಣೆಯನ್ನು ಓದಿ ಹೇಳಿ, ಅಕ್ಷರ ಬಾರದ ಮುದುಕಿಯ ಹೆಬ್ಬೆಟ್ಟನ್ನು ಸಾಕ್ಷಿಯ ಎದುರಿನಲ್ಲಿ ಒತ್ತಿಸಿಕೊಂಡು, ನೋಟು ಎಣಿಸಿ ಕೊಡುತ್ತಿದ್ದನು. ಆ ಗುರುತಿನ ರಸೀದಿ ಕಳುಹಿಸಿದವನಿಗೆ ಮರಳಿ ಹೋಗುತ್ತಿತ್ತು. ಪಿಂಚಣಿಗೂ ಕೂಲಿಯ ಬಟವಾಡೆಗೂ ಇದೇ ಕ್ರಮ: ಹಣ ಕೈಗೆ ಬರಬೇಕಾದರೆ ಗುರುತು ಒತ್ತಬೇಕು. ನಮ್ಮ ಜನ ಒಂದು ಶತಮಾನಕ್ಕೂ ಮಿಗಿಲಾಗಿ ಕಲಿತ ಪಾಠವಿದು.

2016ರ ಏಪ್ರಿಲಿನಲ್ಲಿ ಯು.ಪಿ.ಐ. ಬಂದಾಗ ಈ ಪಾಠ ಸದ್ದಿಲ್ಲದೆ ತಿರುವುಮುರುವಾಯಿತು. ಇಲ್ಲಿ ಗುಟ್ಟಿನ ಅಂಕೆಯನ್ನು ಒತ್ತಬೇಕಾದವನು ಹಣ ಕೊಡುವವನು. ಪಡೆಯುವವನು ಏನನ್ನೂ ಒತ್ತಬೇಕಾಗಿಲ್ಲ. ಖಾತೆಗೆ ಜೋಡಿಸಿದ ಫೋನೂ ಬೇಕು, ನಾಲ್ಕೋ ಆರೋ ಅಂಕೆಯ ಪಿನ್ನೂ ಬೇಕು. ಎರಡು ಬೀಗಗಳೂ ಗಟ್ಟಿಯಾದುವೇ. ವಂಚಕರು ಬೀಗ ಮುರಿಯುವ ಗೋಜಿಗೇ ಹೋಗಲಿಲ್ಲ. ತಾವೇ ಹಣ ಕೇಳುವ ಕೋರಿಕೆಯೊಂದನ್ನು ಕಳುಹಿಸಿ, ‘ನಿಮಗೆ ಹಣ ಬಂದಿದೆ, ಪಡೆಯಲು ಪಿನ್ ಒತ್ತಿ’ ಎಂದರು. ಹಳೆಯ ಅಭ್ಯಾಸದ ಕೈ ಒತ್ತಿತು, ಖಾತೆ ಬರಿದಾಯಿತು.

ಹೀಗೆ ಕಳೆದುಕೊಂಡವರನ್ನು ದಡ್ಡರೆಂದು ನಗುವವರುಂಟು. ಓದಿದವರೇ ಹೆಚ್ಚಾಗಿ ನಗುತ್ತಾರೆ. ನನಗೆ ಆ ನಗು ಒಪ್ಪದು. ಮೋಸಹೋದವರು ಅಜ್ಜಿಯ ಕಾಲದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರು. ಆ ನಿಯಮ ಬದಲಾಯಿತೆಂದು ಬಾಗಿಲಿಗೆ ಬಂದು ಓದಿ ಹೇಳುವ ಪೋಸ್ಟ್‌ಮ್ಯಾನ್ ಈ ಏರ್ಪಾಡಿನಲ್ಲಿ ಇರಲಿಲ್ಲ.

ಪರಿಹಾರಗಳು ಬಂದಿಲ್ಲವೆಂದಲ್ಲ. 2022ರ ಮಾರ್ಚಿನಲ್ಲಿ ಗುಂಡಿಯ ಸಾದಾ ಫೋನಿಗೂ ಯು.ಪಿ.ಐ. ದೊರೆಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯನ್ನು 2025ರ ಅಕ್ಟೋಬರಿನಲ್ಲಿ ನಿಲ್ಲಿಸಲಾಯಿತು. ಒಂಬತ್ತು ವರ್ಷ ಹಿಡಿಯಿತು. ಉಳಿದಿರುವುದು ಅಕ್ಷರ ಬಾರದವರ ಪಾಡು. ಹೆಬ್ಬೆಟ್ಟನ್ನು ಎಲ್ಲರೆದುರು ಒತ್ತಬಹುದಾಗಿತ್ತು, ಸಾಕ್ಷಿಯಿದ್ದಷ್ಟೂ ಮೇಲು. ಪಿನ್ನಿಗೆ ಸಾಕ್ಷಿ ಸಲ್ಲದು. ಆದರೂ ಅವರು ಫೋನನ್ನು ಪಕ್ಕದವನ ಕೈಗಿತ್ತು, ಆ ಗುಟ್ಟನ್ನು ಬಾಯಿಬಿಟ್ಟು ಹೇಳುತ್ತಾರೆ. ಅವನು ಮೊಮ್ಮಗನೇ ಇರಲಿ, ಅಂಗಡಿಯ ಹುಡುಗನೇ ಇರಲಿ, ಬಸ್ ನಿಲ್ದಾಣದಲ್ಲಿ ಆಗಷ್ಟೇ ಪರಿಚಯವಾದವನೇ ಇರಲಿ.