ಹರಕೆಯ ಹೋತವೂ ಮುಳ್ಳೂರಿನ ಬಸದಿಯೂ

ಸೋಮವಾರಪೇಟೆ ಸೀಮೆಯಲ್ಲಿ, ಶನಿವಾರಸಂತೆಗೆ ಅನತಿದೂರದ ಮುಳ್ಳೂರೆಂಬ ಗ್ರಾಮದೊಳಗೆ, ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಮೂರು ಶಿಲಾಬಸದಿಗಳು ಒಂಬೈನೂರಕ್ಕೂ ಮಿಕ್ಕ ಮಳೆಗಾಲಗಳನ್ನು ಸಹಿಸಿ ನಿಂತಿರುವುವು. ಇವನ್ನು ಪೋಷಿಸಿದ ಕೊಂಗಾಳ್ವರು ಕತ್ತಿಯಿಂದ ಮೇಲೆ ಬಂದವರು. 1004ರ ಸುಮಾರಿನಲ್ಲಿ ಪಣಸೋಗೆಯ ಕಾಳಗದಲ್ಲಿ ಪರಾಕ್ರಮವನ್ನು ಮೆರೆದ ಮನಿಜನಿಗೆ ಚೋಳ ಚಕ್ರವರ್ತಿ ರಾಜರಾಜನಿಂದ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ'ನೆಂಬ ಬಿರುದೂ ಇದೇ ಸೀಮೆಯ ಮಾಳಂಬಿಯೂ ದೊರೆತುವೆಂದು ಶಾಸನದಿಂದ ತಿಳಿದುಬರುವುದು. ಹಾಗೆ ರಣರಂಗದಲ್ಲಿ ಹುಟ್ಟಿದ ಮನೆತನವು ಸುಮಾರು ಅರ್ಧ ಶತಮಾನದಲ್ಲಿ ಗುಣಸೇನ ಪಂಡಿತನೆಂಬ ಜೈನಮುನಿಯನ್ನು ಗುರುವಾಗಿ ಸ್ವೀಕರಿಸಿ, ರಾಜಮಾತೆ ಪೋಚಬ್ಬರಸಿಯ ಮತ್ತು ರಾಜೇಂದ್ರ ಕೊಂಗಾಳ್ವನ ಕಾಲಕ್ಕೆ, ಇರುವೆಯ ಪ್ರಾಣಕ್ಕೂ ಬೆಲೆಯುಂಟೆಂದು ಬೋಧಿಸುವ ಧರ್ಮದ ಆಶ್ರಯದಾತವಾಯಿತು. ಕೊಡಗಿನ ಉತ್ತರ ಭಾಗದಲ್ಲಿ ಪ್ರಾಣಿಹಿಂಸೆಯ ವಿಚಾರವು ಇಷ್ಟು ಹಳೆಯದು.

ಆ ವಿಚಾರವು ಎಷ್ಟು ಕಠಿನವಾದುದೆಂಬುದನ್ನು ಅರಿಯಬೇಕಾದರೆ ಕನ್ನಡದ ಓದುಗನು 1209ರಲ್ಲಿ ಜನ್ನನು ಬರೆದು ಮುಗಿಸಿದ ಯಶೋಧರಚರಿತೆಯ ಕಥೆಯನ್ನು ನೆನೆಯಬೇಕು. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಯನ್ನು ಬಲಿಗೊಡಲೇಬೇಕೆಂದು ತಾಯಿ ಒತ್ತಾಯಿಸುತ್ತಾಳೆ; ಕೊಲೆಗೆ ಒಪ್ಪದ ಮಗನು ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುತ್ತಾನೆ; ಕಡಿದ ಕ್ಷಣದಲ್ಲಿ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪದೋಷಕ್ಕಾಗಿ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ, ಕೊಲ್ಲಿಸಿಕೊಂಡು ಸಾಯಬೇಕಾಗುವುದು. ರಕ್ತವೇ ಚೆಲ್ಲದ ಬಲಿಯನ್ನೂ ಹಿಂಸೆಯೆಂದು ಎಣಿಸಿದ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾಗಿ ತೋರುವುದು ಕರ್ಮಫಲದ ಲೆಕ್ಕವಲ್ಲ, ಕೊಂದವನು ಕೊಲ್ಲಲ್ಪಡುವ ಪ್ರಾಣಿಯ ಮೈಯೊಳಗೆ ಹೊಕ್ಕು ಅದರ ಭಯವನ್ನೂ ನೋವನ್ನೂ ತಾನೇ ಉಣ್ಣಬೇಕಾದ ಆ ವಿಧಾನ. ಬಲಿಯ ಫಲವೇನು, ಪಾಪವೇನು ಎಂದು ವಾದಿಸಿದವರು ಅನೇಕರು. ಪ್ರಾಣಿಗೆ ಹೇಗಾಗುವುದೆಂದು ಕೇಳಿದವರು ವಿರಳ.

ಬಸದಿಯ ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಗ್ರಾಮದೇವತೆಗಳು ತಮ್ಮ ಪಾಲನ್ನು ಕೇಳುತ್ತಲೇ ಇದ್ದುವು. ರೋಗ ಬಂದಾಗ, ಮಳೆ ತಪ್ಪಿದಾಗ, ಮಗು ಉಳಿದಾಗ ಹೊತ್ತ ಹರಕೆಗೆ ಕೋಳಿಯೋ ಹೋತವೋ ಸಲ್ಲಬೇಕು. ಬಲಿಯ ಪ್ರಾಣಿಯ ಮೇಲೆ ನೀರನ್ನು ಚಿಮುಕಿಸಿ, ಅದು ಮೈಯನ್ನು ಕೊಡಹುವವರೆಗೂ ಕಾದು, ಕೊಡಹಿದರೆ ದೇವಿಯೂ ಪ್ರಾಣಿಯೂ ಒಪ್ಪಿದುವೆಂದು ತಿಳಿಯುವ ಪದ್ಧತಿಯು ದಕ್ಷಿಣದೇಶದಲ್ಲೆಲ್ಲ ಉಂಟಷ್ಟೆ. ತಣ್ಣೀರು ಬಿದ್ದರೆ ಆಡು ಮೈ ಕೊಡಹುವುದು ಸಹಜವೇ. ಆದರೂ, ಕೊಲ್ಲುವ ಮೊದಲು ಒಪ್ಪಿಗೆಯೊಂದು ಬೇಕೆಂದು ತೋರಿದ ಆ ಮನಸ್ಸಿನ ಅಳುಕನ್ನು ನಾನು ಲಘುವಾಗಿ ಕಾಣಲಾರೆ. ಕೊಡವರ ಮನೆಗಳಲ್ಲಿ ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮಾಂಸದ ಅಡುಗೆಯನ್ನೂ ಮದ್ಯವನ್ನೂ ಎಡೆಯಿಡುವ ಆಚಾರವುಂಟು. ಅದೇ ಜನ ಕಾವೇರಿ ಸಂಕ್ರಮಣದಂದು ಮಾಂಸವನ್ನು ಮುಟ್ಟರು. ದಕ್ಷಿಣ ಕೊಡಗಿನ ಭದ್ರಕಾಳಿಗೆ ಹಿಂದೆ ನರಬಲಿಯೇ ಸಲ್ಲುತ್ತಿತ್ತೆಂದೂ ತರುವಾಯ ಅದರ ಸ್ಥಾನಕ್ಕೆ ಪ್ರಾಣಿಯು ಬಂದಿತೆಂದೂ ಹೇಳುವ ಐತಿಹ್ಯವು ಹತ್ತೊಂಬತ್ತನೆಯ ಶತಮಾನದ ಪಾದ್ರಿಗಳ ಬರಹಗಳಲ್ಲಿ ದೊರೆಯುವುದು. ಮನುಷ್ಯನ ಬದಲು ಹೋತ, ಹೋತದ ಬದಲು ಕುಂಬಳಕಾಯಿ ಎಂಬ ಈ ಇಳಿಜಾರು ನಮ್ಮ ನಾಡಿನ ಧರ್ಮದ ಇತಿಹಾಸದಲ್ಲಿ ಸದ್ದಿಲ್ಲದೆ ನಡೆದ ಒಂದು ದೊಡ್ಡ ಸುಧಾರಣೆ.

ಸುಮಾರು 1600ರಿಂದ 1834ರವರೆಗೆ ಕೊಡಗನ್ನಾಳಿದ ಹಾಲೇರಿಯ ಅರಸರು ಲಿಂಗವಂತರು, ಶಾಕಾಹಾರಿಗಳು; ಅವರ ಪ್ರಜೆಗಳಲ್ಲಿ ಬಹುಮಂದಿ ಕಾಡುಹಂದಿಯ ಬೇಟೆಯಲ್ಲಿ ನುರಿತವರು. ಹರಕೆಯ ಕುರಿಯನ್ನು ಕುರಿತು ಕರುಣೆಯಿಂದ ನುಡಿದ ಬಸವಣ್ಣನವರ ಪರಂಪರೆಯ ದೊರೆಗಳ ಕೆಳಗೆ ಬಲಿಯೂ ಬೇಟೆಯೂ ನಡೆದೇ ನಡೆದುವು. 1834ರ ಮೇ ತಿಂಗಳಲ್ಲಿ ಕೊಡಗು ಬ್ರಿಟಿಷರ ವಶವಾದಾಗ ಅವರ ಕರ್ನಲ್ ಫ್ರೇಸರನು ಹೊರಡಿಸಿದ ಘೋಷಣೆಯೂ ಜನರ ಧಾರ್ಮಿಕ ಆಚಾರಗಳನ್ನು ಗೌರವಿಸುವ ಭರವಸೆಯನ್ನಿತ್ತಿತು. ಮುಂದೆ 1952ರಲ್ಲಿ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮವನ್ನೂ ಸಮಾಜವನ್ನೂ ಕುರಿತು ಪ್ರಕಟಿಸಿದ ಪ್ರಖ್ಯಾತ ಗ್ರಂಥದಲ್ಲಿ, ಮಾಂಸಮದ್ಯಗಳನ್ನು ತೊರೆಯುವುದರ ಮೂಲಕ ಜಾತಿಯೊಂದು ಮೇಲಿನ ಸ್ಥಾನಕ್ಕೆ ಏರಲೆಳಸುವ ಕ್ರಮವನ್ನು ವಿವರಿಸಿ, ಅದಕ್ಕೆ ಸಂಸ್ಕೃತೀಕರಣವೆಂಬ ಹೆಸರಿತ್ತರು. ಶಾಕಾಹಾರಿಗಳಾಗಿ ಜನಿವಾರವನ್ನು ಧರಿಸುವ ಅಮ್ಮ ಕೊಡವರು ಆ ಗ್ರಂಥದಲ್ಲಿ ಬರುತ್ತಾರೆ. ಸ್ಥಾನಮಾನಕ್ಕಾಗಿ ಮಾಂಸವನ್ನು ಬಿಟ್ಟರೂ ಪ್ರಾಣಿ ಉಳಿಯುವುದು, ನಿಜ. ಆದರೆ ಬಿಟ್ಟವನ ಲಕ್ಷ್ಯವು ತನ್ನ ಶುದ್ಧಿಯ ಮೇಲಿರುವುದೇ ಹೊರತು ಪ್ರಾಣಿಯ ಮೇಲಲ್ಲ.

ಈ ನಾಡಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಮಾಪಿಳ್ಳೆ ಮುಸಲ್ಮಾನರ ಹಲಾಲಿನ ವಿಧಿಯನ್ನು ನೋಡಿದರೆ, ಅಲ್ಲಿ ಪ್ರಾಣಿಯ ವಿಷಯವಾಗಿ ಸ್ಪಷ್ಟವಾದ ಕಟ್ಟಳೆಗಳಿರುವುದು ಕಂಡುಬರುವುದು. ದೇವರ ಹೆಸರನ್ನು ಹೇಳಿ ಕತ್ತನ್ನು ಶೀಘ್ರವಾಗಿ ಕೊಯ್ಯಬೇಕು, ಕತ್ತಿ ಹರಿತವಾಗಿರಬೇಕು, ಪ್ರಾಣಿಯ ಕಣ್ಣೆದುರು ಅದನ್ನು ಮಸೆಯಬಾರದು, ಒಂದು ಪ್ರಾಣಿಯನ್ನು ಇನ್ನೊಂದರ ಮುಂದೆ ಕೊಯ್ಯಬಾರದು. ಒಂದೇ ಏಟಿಗೆ ತಲೆ ಬೇರ್ಪಡಬೇಕೆಂಬ ಬಲಿಯ ನಿಯಮವಾದರೂ ನೋವಿನ ಅವಧಿಯನ್ನು ಕಿರಿದುಮಾಡುವಂಥದೇ. ಈ ಎರಡು ಕ್ರಮಗಳಲ್ಲಿ ಯಾವುದು ಮೇಲೆಂದು ಕಲಹವಾಡುವವರು ಇವೆರಡರೊಳಗೂ ಇರುವ ಈ ಎಚ್ಚರವನ್ನು ಕಾಣದೆ ಹೋಗುವುದು ನನಗೆ ವ್ಯಸನವನ್ನುಂಟುಮಾಡುವುದು.

1956ರಲ್ಲಿ ಕೊಡಗು ಮೈಸೂರು ರಾಜ್ಯವನ್ನು ಸೇರಿತು. ಆ ರಾಜ್ಯದ 1959ರ ಶಾಸನವು ದೇವಸ್ಥಾನಗಳಲ್ಲಿಯೂ ಅವುಗಳ ಆವರಣದಲ್ಲಿಯೂ ಪ್ರಾಣಿಬಲಿಯನ್ನು ನಿಷೇಧಿಸಿತು. ಮರುವರ್ಷವೇ, ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಆರಂಭಿಸಿದ ಪ್ರಯತ್ನದ ಫಲವಾಗಿ, ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕೇಂದ್ರ ಶಾಸನವು ಬಂದಿತು; ಅದರ 28ನೆಯ ಕಲಮು ಮಾತ್ರ, ಯಾವುದೇ ಸಮುದಾಯದ ಧರ್ಮವು ವಿಧಿಸಿದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವೆಂದು ಹೇಳಿತು. ಒಂದು ಶಾಸನವು ಗುಡಿಯ ಅಂಗಳವನ್ನು ರಕ್ತದಿಂದ ಮುಕ್ತಗೊಳಿಸಹೊರಟಿತು, ಇನ್ನೊಂದು ಧರ್ಮದ ವಿಧಿಗೆ ಎಡೆಗೊಟ್ಟಿತು. ಗುಡಿಯಿಂದ ದೂರ, ವಿಧಿಯ ಮಾತೂ ಇಲ್ಲದೆ, ಕಾಲುಗಳನ್ನು ಕಟ್ಟಿಸಿಕೊಂಡು ತಲೆಕೆಳಗಾಗಿ ಸಂತೆಯಿಂದ ಸಾಗುವ ಕೋಳಿಯ ದುಃಖವು ಬಹುಕಾಲ ಹಾಗೆಯೇ ಉಳಿಯಿತು.

ಕರುಣೆಯ ಹೆಸರಿನಲ್ಲಿ ನೆರೆಯವನನ್ನು ನೋಯಿಸಿದ ದೃಷ್ಟಾಂತಗಳೂ ಚರಿತ್ರೆಯಲ್ಲುಂಟು. 1893ರಲ್ಲಿ ಸ್ವಿಟ್ಜರ್ಲೆಂಡಿನ ಮತದಾರರು ಪ್ರಜ್ಞೆ ತಪ್ಪಿಸದೆ ಪ್ರಾಣಿಯನ್ನು ಕೊಲ್ಲುವುದನ್ನು ನಿಷೇಧಿಸಿದಾಗ ಅದರ ಹಿಂದೆ ಪ್ರಾಣಿದಯೆಯೊಡನೆ ಯೆಹೂದ್ಯದ್ವೇಷವೂ ಸೇರಿತ್ತು; 1933ರಲ್ಲಿ ಹಿಟ್ಲರನ ಸರ್ಕಾರವು ಅಂಥದೇ ಶಾಸನವನ್ನು ಮಾಡಿದಾಗ ದ್ವೇಷವು ಮರೆಯಾಗಿಯೂ ಇರಲಿಲ್ಲ. ನಮ್ಮಲ್ಲಿಯೂ 2022ರ ಯುಗಾದಿಯ ಸಮಯದಲ್ಲಿ, ಹಬ್ಬದ ಮರುದಿನದ ಮಾಂಸದೂಟವಾದ ಹೊಸತೊಡಕಿಗೆ ಹಲಾಲು ಮಾಂಸವನ್ನು ಕೊಳ್ಳಬಾರದೆಂಬ ಕೂಗು ಎದ್ದಿತು. ಕೊಯ್ಯುವ ಕೈ ಯಾರದೆಂಬುದೇ ಅಲ್ಲಿನ ಮುಖ್ಯ ಪ್ರಶ್ನೆಯಾಯಿತು. ಹೋತವು ಎಲ್ಲಿಂದ ಬಂದಿತು, ದಾರಿಯಲ್ಲಿ ನೀರು ಕುಡಿಯಿತೆ, ಜೊತೆಯದರ ಸಾವನ್ನು ಕಂಡಿತೆ ಎಂಬ ಮಾತು ಬಹುಮಟ್ಟಿಗೆ ಕೇಳಿಬರಲಿಲ್ಲ.

ಆ ಮಾತನ್ನು ಬರಹಕ್ಕಿಳಿಸಿದುದು 2001ರ ಕಸಾಯಿಖಾನೆಯ ನಿಯಮಾವಳಿ: ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳೊಳಗಿನ ಮರಿಯನ್ನೂ ಕೊಲ್ಲಬಾರದು, ಇತರ ಪ್ರಾಣಿಗಳ ಕಣ್ಣೆದುರು ಯಾವುದನ್ನೂ ಕೊಲ್ಲಬಾರದು. ಹಲಾಲಿನ ವಿಧಿಯು ಶತಮಾನಗಳ ಹಿಂದೆಯೇ ಹೇಳಿದ್ದ ಕಟ್ಟಳೆಯೊಂದನ್ನು ಸರ್ಕಾರವು ಹೀಗೆ ಹೊಸದಾಗಿ ಹೇಳಿತು. ಆದರೆ ಆ ನಿಯಮಾವಳಿಯು ಕಸಾಯಿಖಾನೆಯೆಂದು ಎಣಿಸುವುದು ದಿನವೊಂದಕ್ಕೆ ಹತ್ತು ಅಥವಾ ಅದಕ್ಕೂ ಹೆಚ್ಚು ಪ್ರಾಣಿಗಳ ವಧೆಯಾಗುವ ಸ್ಥಳವನ್ನು. ಒಂದೋ ಎರಡೋ ಹೋತಗಳನ್ನು ಕೊಯ್ಯುವ ಸಣ್ಣ ಪೇಟೆಯ ಅಂಗಡಿಯಲ್ಲಿ ಉಳಿದ ಪ್ರಾಣಿಗಳನ್ನು ಮರೆಗೆ ಕಟ್ಟುವ ಕೆಲಸವು ಕಸಾಯಿಯ ಮನಸ್ಸಿಗೂ, ಹಾಗೆ ಕಟ್ಟೆಂದು ಕೇಳುವ ಗಿರಾಕಿಗೂ ಸೇರಿದ್ದು.